ಒಂದು ಲೇಜಿ ಹಾಕಿಬಿಡಿ

ನಿನ್ನೆ ನಾನು ಬರೆದದ್ದು ಒಂದು ಪುಟ್ಟ ಜಾವಾ ಕ್ಲಾಸು, ಅಷ್ಟೇ. ರನ್ ಒತ್ತಿದ್ದೇ ತಡ, ಪ್ರೋಗ್ರಾಮಿನ ತುಂಡುಗಳನ್ನು ತಾನೇ ಹುಟ್ಟಿಸಿ ಒಂದಕ್ಕೊಂದು ಜೋಡಿಸಿಕೊಡುವ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ ನಾಲ್ಕು ಸ್ಕ್ರೀನ್ ತುಂಬ ಗೋಳಾಡಿತು. ಕಂಟ್ರೋಲರ್ ಹುಟ್ಟಲಿಲ್ಲ, ಯಾಕಂದ್ರೆ ಸರ್ವಿಸ್ ಹುಟ್ಟಲಿಲ್ಲ, ಯಾಕಂದ್ರೆ ಅದರ ಕನ್‌ಸ್ಟ್ರಕ್ಟರಿನ ಸೊನ್ನೆಯನೇ ಪ್ಯಾರಾಮೀಟರ್... ಎಕ್ಸೆಪ್ಷನ್ನಿನ ಹೆಸರೇ ‘ಅನ್‌ಸ್ಯಾಟಿಸ್ಫೈಡ್ ಡಿಪೆಂಡೆನ್ಸಿ’. ಅತೃಪ್ತ ಆತ್ಮ! ಬೆಟ್ಟ ಅಗೆದು ಕೆಳಗಿಳಿದರೆ ಸಿಕ್ಕಿದ್ದು ಇಲಿ: ಕ್ಲಾಸಿನ ತಲೆ ಮೇಲೆ ‘ಸರ್ವಿಸ್’ ಅನ್ನೋ ಅನೋಟೇಷನ್, ಅಂದ್ರೆ ‘ಇದನ್ನು ನೀನೇ ಹುಟ್ಟಿಸು’ ಅಂತ ಸ್ಪ್ರಿಂಗ್‌ಗೆ ಹೇಳೋ ಗುರುತು, ಹಾಕೋದು ಮರೆತಿದ್ದೆ.

ಹಾಕಿದೆ. ಎರರ್ ಜೊತೆಗೆ ‘ಇಂಥ ಬೀನ್ ಒಂದನ್ನು ಕಾನ್ಫಿಗರೇಷನ್‌ನಲ್ಲಿ ಡಿಫೈನ್ ಮಾಡೋದನ್ನು ಪರಿಗಣಿಸಿ’ ಅಂತ ಸಲಹೆಯೂ ಇತ್ತಲ್ಲ, ಪಾಪ, ಅದರ ಮಾತನ್ನೂ ಕೇಳಿದೆ (ಬೀನ್ ಅಂದ್ರೆ ಸ್ಪ್ರಿಂಗ್ ತಾನೇ ಹುಟ್ಟಿಸಿ ಸಾಕುವ ವಸ್ತು). ಈಗ ‘ಒಂದು ಬೇಕಿತ್ತು, ಎರಡು ಸಿಕ್ಕಿವೆ’ ಅಂತ ಹೊಸ ಗೋಳು. ಒಂದನ್ನು ಅಳಿಸಿದೆ. ಆಗ ಬಂತು ಮೂರನೆಯದು, ಬಾಣದ ಗುರುತಿನ ಡಬ್ಬಿ ಚಿತ್ರದ ಸಮೇತ: ನನ್ನ ಕ್ಲಾಸಿಗೆ ಆರ್ಡರ್ ಸರ್ವಿಸ್ ಬೇಕು, ಆರ್ಡರ್ ಸರ್ವಿಸ್‌ಗೆ ನನ್ನ ಕ್ಲಾಸು ಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು. ಹಿಂದೆಲ್ಲ ಕನ್‌ಸ್ಟ್ರಕ್ಟರ್ ಬಿಟ್ಟು ಫೀಲ್ಡಿಗೆ ‘ಆಟೋವೈರ್ಡ್’ (‘ಇದನ್ನು ನೀನೇ ತಂದು ಜೋಡಿಸು’ ಅಂತ) ಬರೆದವರ ಇಂಥ ಸುತ್ತನ್ನು ಸ್ಪ್ರಿಂಗ್ ಬೂಟ್ ಸದ್ದಿಲ್ಲದೆ ಸಹಿಸಿಕೊಳ್ಳುತ್ತಿತ್ತು. 2021ರಲ್ಲಿ ಬಂದ 2.6 ಆವೃತ್ತಿಯಿಂದ ಅದಕ್ಕೂ ಕಡಿವಾಣ.

ಇಂಥ ಹೊತ್ತಿಗೇ ಸರಿಯಾಗಿ ನಮ್ಮ ತಂಡದ ಹಿರಿಯರೊಬ್ಬರು ಕುರ್ಚಿಯ ಹಿಂದೆ ಪ್ರತ್ಯಕ್ಷರಾಗುತ್ತಾರೆ. ಎರರ್ ಓದುವುದಿಲ್ಲ. ಕಣ್ಣು ಕಿರಿದು ಮಾಡಿ, ಗಲ್ಲ ಕೆರೆದು, ‘ಒಂದು ಲೇಜಿ ಹಾಕಿಬಿಡಿ’ ಅನ್ನುತ್ತಾರೆ. ಬೇಕಾಗುವ ತನಕ ಬೀನನ್ನು ಹುಟ್ಟಿಸಬೇಡ ಅನ್ನೋ ಗುರುತು ಅದು. ಬೀನ್ ಸಿಗದಿದ್ದರೆ ಲೇಜಿ. ಎರಡು ಸಿಕ್ಕರೂ ಲೇಜಿ. ಒಮ್ಮೆ ಡೇಟಾಬೇಸ್ ಪಾಸ್‌ವರ್ಡ್ ತಪ್ಪಾಗಿತ್ತು, ಆಗಲೂ ಲೇಜಿ. ಕೊನೆಗೊಂದು ದಿನ ಯಾರಿಗೂ ಹೇಳದೆ, ಇಡೀ ಅಪ್ಲಿಕೇಷನ್ನೇ ಲೇಜಿಯಾಗುವ ಸಾಲನ್ನು ಪ್ರಾಪರ್ಟೀಸ್ ಫೈಲಿಗೆ ಸೇರಿಸಿಬಿಟ್ಟರು. ಆಹಾ, ಎಷ್ಟು ಬೇಗ ಸ್ಟಾರ್ಟ್ ಆಗುತ್ತೆ ಅಂತ ಮೀಟಿಂಗಿನಲ್ಲಿ ಚಪ್ಪಾಳೆ. ನಾನೂ ತಟ್ಟಿದ್ದೆ, ಆ ಮಾತು ಬೇರೆ. ಸ್ಟಾರ್ಟ್ ಆಗುವಾಗ ಹುಟ್ಟಬೇಕಾದ ಬೀನುಗಳೆಲ್ಲ ಮುಸುಕು ಹೊದ್ದು ಮಲಗಿದ್ದವು. ರಾತ್ರಿ ಹನ್ನೊಂದಕ್ಕೆ ಯಾರೋ ಪುಣ್ಯಾತ್ಮರು ರಿಪೋರ್ಟ್ ಬಟನ್ ಒತ್ತಿದರು. ಒಂದು ಬೀನು ಎದ್ದು ಕೂತು, ತನಗೆ ಬೇಕಾದ್ದು ಇಲ್ಲ ಅಂತ ಕಿರುಚಿತು. ಫೋನ್ ಬಂದದ್ದು ನನಗೆ. ಲೇಜಿ ಹಾಕಿದವರ ಫೋನ್ ಸ್ವಿಚ್ ಆಫ್.

‘ನ್ಯೂ’ ಅಂತ ಕೈಯಾರೆ ಬರೆದು ವಸ್ತುವನ್ನು ಹುಟ್ಟಿಸಿ, ಅದಕ್ಕೆ ಬೇಕಾದ್ದನ್ನೆಲ್ಲ ನಾವೇ ಆವರಣದೊಳಗೆ ತುಂಬಿಸಿ ಕೊಡುತ್ತಿದ್ದ ಕಾಲ ಆಗಾಗ ನೆನಪಾಗುತ್ತದೆ. ಒಂದು ಬಿಟ್ಟುಹೋದರೂ ಎಡಿಟರ್ ಅದೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ತೋರಿಸುತ್ತಿತ್ತು. ಯಾರು ಯಾರನ್ನು ಕರೆಯುತ್ತಿದ್ದಾರೆ ಅಂತ ಗೊತ್ತಿರುತ್ತಿತ್ತು.

ಇವತ್ತು ಬೆಳಿಗ್ಗೆ ಆ ಲೇಜಿ ಸಾಲನ್ನು ಕಿತ್ತುಹಾಕಿದೆ. ಮುಸುಕು ಹೊದ್ದವರೆಲ್ಲ ಒಟ್ಟಿಗೆ ಏಳುವುದಿಲ್ಲ ನೋಡಿ. ಒಬ್ಬನ ಕಣ್ಣೀರು ಒರೆಸಿದ ಮೇಲೇ ಮುಂದಿನವನ ಸರದಿ. ಈಗ ಏಳನೆಯವನು ಅಳುತ್ತಿದ್ದಾನೆ. ಕುರ್ಚಿಯ ಹಿಂದೆ ಯಾರೋ ಗಲ್ಲ ಕೆರೆದುಕೊಳ್ಳುವ ಸದ್ದು.