ದುಡ್ಡೊಂದೇ ಕಾರಣ ಅಲ್ಲ

ಅಮೆರಿಕದ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್, ಮಾಜಿ ಪತ್ನಿ ಮತ್ತು ಆಕೆಯ ಸ್ನೇಹಿತನ ಜೋಡಿ ಕೊಲೆ ಕೇಸಿನಿಂದ ದುಡ್ಡಿನ ಬಲದಲ್ಲಿ ಪಾರಾದರು ಅಂತ ಬರೆದಿದ್ದೀರಿ. ದುಡ್ಡು ಕೆಲಸ ಮಾಡಿದ್ದು ನಿಜ, ಅಂಥ ವಕೀಲರ ಪಡೆ ಎಲ್ಲರಿಗೂ ಎಲ್ಲಿ ಸಿಗುತ್ತೆ? ಆದರೆ ಲಾಸ್ ಏಂಜಲೀಸ್ ಪೊಲೀಸರ ಎಡವಟ್ಟುಗಳನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಸಿಂಪ್ಸನ್ ಮೈಯಿಂದ ತೆಗೆದ ರಕ್ತದ ಸೀಸೆಯನ್ನು ಪತ್ತೇದಾರರೊಬ್ಬರು ತಕ್ಷಣ ಲ್ಯಾಬಿಗೆ ಒಪ್ಪಿಸಲಿಲ್ಲ. ಅದನ್ನು ಹಿಡಿದುಕೊಂಡು ನೇರ ಸಿಂಪ್ಸನ್ ಮನೆಗೇ ಹೋದರು. ಅಲ್ಲಿ ಸಾಕ್ಷ್ಯ ಸಂಗ್ರಹ ಇನ್ನೂ ನಡೀತಿತ್ತು! ಅದೇ ಮನೆಯಲ್ಲಿ ರಕ್ತ ಮೆತ್ತಿದ ಕೈಗವಸು ಕಂಡೆ ಅಂದ ಪತ್ತೇದಾರ ಮಾರ್ಕ್ ಫರ್ಮನ್, ಹಿಂದಿನ ಹತ್ತು ವರ್ಷಗಳಲ್ಲಿ ಕಪ್ಪು ಜನರನ್ನು ಹೀನಾಯ ಮಾತಿನಲ್ಲಿ ಬೈದಿಲ್ಲ ಅಂತ ಪ್ರಮಾಣ ಮಾಡಿ ಹೇಳಿದ್ದರು. ಆಮೇಲೆ ಅವರು ಅದೇ ಮಾತು ಆಡಿದ್ದ ಟೇಪ್ ಹೊರಬಿತ್ತು. ಇಷ್ಟಾದ ಮೇಲೆ ಡಿಎನ್‌ಎ ವರದಿ ಎಷ್ಟು ಗಟ್ಟಿಯಾಗಿದ್ದರೇನು, ಜ್ಯೂರಿಗೆ ಅನುಮಾನ ಬರದೇ ಇರುತ್ತಾ? ತಿಂಗಳುಗಟ್ಟಲೆ ನಡೆದ ವಿಚಾರಣೆಗೆ ಅವರು ನಾಲ್ಕು ಗಂಟೆಯೊಳಗೆ ತೀರ್ಪು ಕೊಟ್ಟರು. ಹಾಗಂತ ಸಿಂಪ್ಸನ್ ನಿರಪರಾಧಿ ಅಂತ ನಾನು ಹೇಳ್ತಿಲ್ಲ, ನನಗೆ ಹಾಗೆ ಅನ್ನಿಸೋದೂ ಇಲ್ಲ.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು, ಖುಲಾಸೆ ಆದವರು ಪರಿಹಾರ ಯಾಕೆ ಕೊಡಬೇಕು ಅಂತ ಕೇಳಿದ್ದಾರೆ. 1997ರಲ್ಲಿ ತೀರ್ಪಾದದ್ದು ಸತ್ತವರ ಕುಟುಂಬದವರು ಹಾಕಿದ ಸಿವಿಲ್ ದಾವೆ ಸ್ವಾಮಿ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಿವಿಲ್‌ನಲ್ಲಿ ತಕ್ಕಡಿ ಒಂದು ಕಡೆ ಸ್ವಲ್ಪ ವಾಲಿದರೂ ಸಾಕು. ಆದೇಶವಾಗಿದ್ದು 3.35 ಕೋಟಿ ಡಾಲರ್. ಅದರ ವಸೂಲಿಗೆ ಸಿಂಪ್ಸನ್ ಅವರ ಫುಟ್‌ಬಾಲ್ ಪಿಂಚಣಿಗೆ ಕೈ ಹಾಕುವ ಹಾಗಿರಲಿಲ್ಲ. 2024ರಲ್ಲಿ ಸಿಂಪ್ಸನ್ ಸತ್ತಾಗಲೂ ಆ ಪರಿಹಾರದಲ್ಲಿ ಬಹುಪಾಲು ಬಾಕಿಯೇ ಇತ್ತು.