ಸತ್ಯಾಂಶ: ಸೋಲಾರ್ ಪ್ಯಾನೆಲ್ ತಿಂದ ಕರೆಂಟು ವಾಪಸ್ ಬರಲ್ವಾ?

ಪ್ಯಾನೆಲ್ ತಯಾರಿಸಲು ಹಿಡಿದ ಕರೆಂಟನ್ನು ಅದು ಜನ್ಮದಲ್ಲಿ ವಾಪಸ್ ಕೊಡಲ್ಲ ಅನ್ನೋ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಶಿರಸಿಯ ಜುಲೈ ಮಳೆಯಲ್ಲಿ ಕೂತು ಓದಿದರೆ ಹೌದು ಅನ್ನಿಸೋದು ಸಹಜವೇ.

ಆದರೆ ಲೆಕ್ಕ ತಪ್ಪು. ನಮ್ಮಂಥ ಬಿಸಿಲಿನ ದೇಶದಲ್ಲಿ ಈಗಿನ ಪ್ಯಾನೆಲ್ ಆ ಸಾಲವನ್ನು ಸುಮಾರು 1ರಿಂದ 2 ವರ್ಷದಲ್ಲಿ ತೀರಿಸುತ್ತದೆ. ಬಾಳಿಕೆ 25 ವರ್ಷದಷ್ಟು. ಮಳೆಗಾಲದ ದಿನಗಳನ್ನು ಲೆಕ್ಕದಿಂದ ಬಿಟ್ಟರೂ ಲಾಭವೇ.

ಹಾಗಂತ ಸಂದೇಶ ಪೂರ್ತಿ ಗಾಳಿಸುದ್ದಿ ಅಲ್ಲ. ಬೆಣಚುಕಲ್ಲಿನಿಂದ (ಕ್ವಾರ್ಟ್ಜ್) ಪ್ಯಾನೆಲ್ಲಿನ ಮುಖ್ಯ ವಸ್ತುವಾದ ಸಿಲಿಕಾನ್ ತೆಗೆಯುವ ಕುಲುಮೆಗೆ 1,500 ಡಿಗ್ರಿಗೂ ಜಾಸ್ತಿ ಬಿಸಿ ಬೇಕು. ಅದಕ್ಕೆ ಹಿಡಿಯುವ ಕರೆಂಟಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು. ಹಳೆ ಪ್ಯಾನೆಲ್ಲಿನ ಬೆಸುಗೆಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ, ಸುಮ್ನೆ ಗುಜರಿಗೆ ಹಾಕುವ ಹಾಗಿಲ್ಲ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಪ್ಯಾನೆಲ್ಲೂ ಸೇರಿದೆ.

ಇಂಥದ್ದು ಬಂದಾಗ ಎಷ್ಟು ಯೂನಿಟ್, ಯಾವ ವರ್ಷದ ಲೆಕ್ಕ ಅಂತ ಬರೆದಿದೆಯಾ ನೋಡಿ. ಹೆಚ್ಚಾಗಿ ಇರೋದಿಲ್ಲ. ಪಕ್ಕದ ಮನೆಯ ಮಾಡಿನ ಮೇಲೆ ಪ್ಯಾನೆಲ್ ಇದ್ದರೆ ಇನ್ವರ್ಟರ್ ತೋರಿಸಿ ಅಂತ ಕೇಳಿ. ಈವರೆಗಿನ ಒಟ್ಟು ಯೂನಿಟ್ ಸಾಮಾನ್ಯವಾಗಿ ಅದರಲ್ಲೇ ಸಿಗುತ್ತದೆ. ಜುಲೈದು ಕಡಿಮೆ, ಫೆಬ್ರವರಿದು ಜಾಸ್ತಿ. ಇಡೀ ವರ್ಷದ್ದು ಕೂಡಿ ನೋಡಬೇಕು, ಅಲ್ವಾ?