ಆ ಸ್ವರಗಳು ಸುಮ್ನೆ ಬಂದಿಲ್ಲ

ಐರ್ಲೆಂಡಿನ ಐರಿಷ್ ಭಾಷೆಯ ಕಾಗುಣಿತಕ್ಕೆ ನಿಯಮವೇ ಇಲ್ಲ, ಬೇಡದ ಸ್ವರಗಳನ್ನು ತುರುಕಿದ್ದಾರೆ ಎಂದು ಒಂದು ಲೇಖನದಲ್ಲಿದೆ. ಇದನ್ನು ಒಪ್ಪುವುದು ಕಷ್ಟ. ಅಲ್ಲಿ ಎಷ್ಟೋ ಸ್ವರಾಕ್ಷರಗಳು ಇರುವುದು ಓದುವುದಕ್ಕಲ್ಲ, ಪಕ್ಕದ ವ್ಯಂಜನವನ್ನು ಹೇಗೆ ಹೇಳಬೇಕು ಎಂದು ತೋರಿಸುವುದಕ್ಕೆ. ಪಕ್ಕದಲ್ಲಿ ಇ (e) ಅಥವಾ ಐ (i) ಇದ್ದರೆ ವ್ಯಂಜನ ಮೆದು, ಸ್ವಲ್ಪ ಯಕಾರ ಬೆರೆತ ಹಾಗೆ. ಎ (a), ಒ (o), ಯು (u) ಇದ್ದರೆ ಗಡಸು. ಶಾನ್ (Seán) ಎಂಬ ಹೆಸರನ್ನೇ ನೋಡಿ. ಎಸ್ ಆದ ಮೇಲೆ ಬರುವ ಇ ತೆಗೆದರೆ ಅದು 'ಸಾನ್' ಆಗುತ್ತದೆ! ವ್ಯಂಜನದ ಎರಡೂ ಬದಿಗೆ ಒಂದೇ ಗುಂಪಿನ ಸ್ವರ ಇರಬೇಕು ಎಂಬ ನಿಯಮವೂ ಇದೆ. ಹಾಗಾಗಿಯೇ ಅಕ್ಷರ ಜಾಸ್ತಿ ಕಾಣುವುದು.

ಸ್ವರದ ಮೇಲಿನ ಓರೆ ಗೀಟು, ಅಂದರೆ ಫಾದಾ, ನಮ್ಮ ದೀರ್ಘದ ಕೆಲಸ ಮಾಡುತ್ತದೆ. ಅದನ್ನು ಬಿಟ್ಟರೆ ಹುಲ್ಲು ಹೋಗಿ ಗಂಡಸು ಆಗಿಬಿಡುತ್ತದೆ: 'ಫೇರ್' (féar) ಹುಲ್ಲು, 'ಫ್ಯರ್' (fear) ಗಂಡಸು. ಅಪವಾದಗಳೂ ಇವೆ, ಇಲ್ಲ ಅನ್ನಲ್ಲ. ಇ-ಒ (eo) ಜೋಡಿಗೆ ಗೀಟಿಲ್ಲದಿದ್ದರೂ ಸಾಮಾನ್ಯವಾಗಿ ದೀರ್ಘವೇ. ಆದರೆ 'ಇದು' ಎಂಬ ಅರ್ಥದ 'ಶೊ' (seo) ಪದದಲ್ಲಿ ಹ್ರಸ್ವ.

ಅಂದಹಾಗೆ, ಹಳೆಯ ಕಾಗುಣಿತ ಇನ್ನೂ ಉದ್ದ ಇತ್ತು. 1940ರ ದಶಕದಲ್ಲಿ ಉಚ್ಚರಿಸದ ಎಷ್ಟೋ ಅಕ್ಷರಗಳನ್ನು ಕಿತ್ತುಹಾಕಿದರು.